ಮುಂದಿನ ಬ್ರೇಕಿನ ನಟ್ಟು

ನ್ಯಾಯಾಲಯದ ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತನಾದವನು ನಾನು. ಅದರಲ್ಲಿ ಹೆಚ್ಚಿನ ಕಾಲ ಸಾಕ್ಷಿಗಳಿಗೆ ಪ್ರಮಾಣವಚನ ಹೇಳಿಕೊಡುವುದೇ ನನ್ನ ಕೆಲಸ. ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲವೆಂದು ಸಾವಿರಾರು ಮಂದಿ ನಾನು ಹೇಳಿಕೊಟ್ಟಂತೆ ಒಪ್ಪಿಸಿ, ಮರುಕ್ಷಣ ಕಟಕಟೆಯಲ್ಲಿ ನಿಂತು ತಮಗೆ ತೋಚಿದ್ದನ್ನು ಹೇಳಿ ಊಟಕ್ಕೆ ಹೋಗಿದ್ದಾರೆ. ಅಂಥವರ ಬಗ್ಗೆ ನನಗೆ ಒಳಗೊಳಗೇ ತಾತ್ಸಾರವಿತ್ತು. ಒಂದು ಮೋಟಾರ್ ಸೈಕಲಿನ ದೆಸೆಯಿಂದ ಆ ತಾತ್ಸಾರ ನನ್ನನ್ನು ಬಿಟ್ಟುಹೋಯಿತು.

ನನ್ನ ಬೈಕಿಗೆ ಹತ್ತೊಂಬತ್ತು ವರ್ಷ. ಕಪ್ಪು ಬಣ್ಣ, ನೂರ ಇಪ್ಪತ್ತೈದು ಸಿಸಿ, ಹಿಂದೆಯೂ ಮುಂದೆಯೂ ಡ್ರಮ್ ಬ್ರೇಕು. ಚಕ್ರದ ನಡುವಿನ ಡಬ್ಬಿಯೊಳಗೆ ಎರಡು ಅರ್ಧಚಂದ್ರದಂಥ ಶೂಗಳು ಅಗಲವಾಗಿ, ಒಳಗಿನಿಂದ ಒತ್ತಿ, ಚಕ್ರವನ್ನು ನಿಲ್ಲಿಸುವ ಹಳೆಯ ಪದ್ಧತಿ ಅದು. ಡಿಸ್ಕ್ ಬ್ರೇಕಿನಲ್ಲಾದರೆ ಹೊರಗೆ ಎಲ್ಲರಿಗೂ ಕಾಣುವಂತೆ ತಿರುಗುವ ಉಕ್ಕಿನ ತಟ್ಟೆಯನ್ನು ಎರಡು ಕಡೆಯಿಂದ ಇಕ್ಕಳದಂತೆ ಚಿವುಟಿ ಹಿಡಿಯುವುದು. ಒಂದು ಬಾಗಿಲು ಮುಚ್ಚಿದ ಸಂಸಾರ, ಇನ್ನೊಂದು ಬಹಿರಂಗ. ನಾನು ಮೊದಲನೆಯ ಪಂಗಡದವನು.

ಪಂಗಡದವನು ಎಂದೆನಲ್ಲ, ಅದರಲ್ಲೂ ಅರ್ಧ ಮಾತ್ರ. ಹಿಂದಿನ ಬ್ರೇಕಿನಲ್ಲಿ ನನಗೆ ಪೂರ್ಣ ವಿಶ್ವಾಸವಿತ್ತು. ಮುಂದಿನದ್ದರಲ್ಲಿ ಎಳ್ಳಷ್ಟೂ ಇರಲಿಲ್ಲ. ನನಗೆ ಬೈಕು ಕಲಿಸಿದ ಸೋದರಮಾವ ಬಲಗೈಯ ಬ್ರೇಕನ್ನು ತೋರಿಸಿ, "ಇದು ಕಂಪೆನಿಯವರು ಚಂದಕ್ಕೆ ಇಟ್ಟದ್ದು. ಹಿಡಿದರೆ ಬೈಕು ನಿಲ್ತದೆ, ನೀನು ಮುಂದೆ ಹೋಗ್ತಿ" ಎಂದು ಉಪದೇಶ ಮಾಡಿದ್ದರು. ಉಪದೇಶವನ್ನು ಒಮ್ಮೆ ಮೀರಿ ನೋಡಿದ್ದೆ. ರಸ್ತೆಯಲ್ಲಿ ಚೆಲ್ಲಿದ್ದ ಹೊಯಿಗೆಯ ಮೇಲೆ ಮುಂದಿನ ಬ್ರೇಕು ಹಿಡಿದೆ. ಬೈಕು ನಿಂತಿತು, ನಾನು ಮುಂದೆ ಹೋದೆ. ಮೇಲಿನ ಸಾಲಿನ ಎರಡು ಹಲ್ಲು ಅಂದಿನಿಂದ ನನ್ನ ಸ್ವಂತದ್ದಲ್ಲ.

ಆಮೇಲೆ ನಾನು ಮುಂದಿನ ಬ್ರೇಕನ್ನು ಮುಟ್ಟಲಿಲ್ಲ. ಆದರೆ ಗಾಬರಿಯಲ್ಲಿ ಕೈ ಎಂತ ಮಾಡೀತೆಂದು ಹೇಳಲಾಗುವುದಿಲ್ಲವಲ್ಲ? ಆ ಕೈಯ ವಿರುದ್ಧ ಮುನ್ನೆಚ್ಚರಿಕೆಯಾಗಿ ಒಂದು ಕ್ರಮ ಮಾಡಿಕೊಂಡೆ. ಮುಂದಿನ ಚಕ್ರದ ಬಳಿ, ಬ್ರೇಕಿನ ಕೇಬಲ್ ಬಂದು ಮುಗಿಯುವಲ್ಲಿ, ಬೆರಳಿನಿಂದಲೇ ತಿರುಗಿಸಬಹುದಾದ ಒಂದು ನಟ್ಟು ಉಂಟು. ಬಿಗಿ ಮಾಡಿದರೆ ಬ್ರೇಕು ಬೇಗ ಹಿಡಿಯುತ್ತದೆ. ಸಡಿಲ ಮಾಡಿದರೆ ಕೈಹಿಡಿಯ ತನಕ ಒತ್ತಿದರೂ ಏನೂ ಆಗುವುದಿಲ್ಲ. ಸರ್ವೀಸ್ ಮಾಡಿಸಿ ಬೈಕು ಮನೆಗೆ ತಂದ ಕೂಡಲೇ ನಾನು ಗೇಟಿನೊಳಗೆ ಕುಕ್ಕರುಗಾಲಲ್ಲಿ ಕೂತು, ಟಯರಿನ ಗಾಳಿ ನೋಡುವವನ ಗಾಂಭೀರ್ಯದಿಂದ, ಆ ನಟ್ಟನ್ನು ಎಂಟು ಅರ್ಧ ಸುತ್ತು ಹಿಂದಕ್ಕೆ ತಿರುಗಿಸುತ್ತಿದ್ದೆ. ಮೂರು ತಿಂಗಳಿಗೊಮ್ಮೆ, ಹತ್ತೊಂಬತ್ತು ವರ್ಷ. ಹೆಂಡತಿಗೂ ಹೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಗಂಡ ಟಯರಿನ ಎದುರು ಕೂತಿದ್ದರೆ ಯಾಕೆಂದು ಯಾವ ಹೆಂಡತಿ ಕೇಳುತ್ತಾಳೆ?

ಆ ನಟ್ಟನ್ನು ಮೂರು ತಿಂಗಳಿಗೊಮ್ಮೆ ಬಿಗಿ ಮಾಡುತ್ತಿದ್ದವರು ಮಣ್ಣಗುಡ್ಡದ ಹಿಂದಿನ ಓಣಿಯಲ್ಲಿ ತಗಡಿನ ಮಾಡಿನಡಿ ಗ್ಯಾರೇಜು ಇಟ್ಟುಕೊಂಡಿರುವ ಮೆಕ್ಯಾನಿಕ್. ನನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವರು, ಕ್ರಿಸ್ತಾನರು. ಇಲ್ಲಿನ ತುಳುವರ ರೂಢಿಯಂತೆ ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು ಪೊರ್ಬುಗಳು ಎಂದೇ ಕರೆಯುವುದು. ಪ್ರತಿ ಸಲವೂ ಅವರು ಮುಂದಿನ ಬ್ರೇಕು ಒತ್ತಿ ನೋಡಿ ತಲೆ ಕೆಡಿಸಿಕೊಳ್ಳುತ್ತಿದ್ದರು.

"ಎಂತ ನಟ್ ಮಾರಾಯ್ರೆ ಇದು? ನಾನು ಕಟ್ಟುವುದು, ಇದು ಬಿಚ್ಚುವುದು. ಇದಕ್ಕೆ ಭೂತ ಹಿಡಿದದ್ದಾ?"

"ರಸ್ತೆ ಹಾಗುಂಟಲ್ಲ ಪೊರ್ಬುಗಳೇ, ಕುಲುಕಾಟಕ್ಕೆ" ಎನ್ನುತ್ತಿದ್ದೆ. ರಸ್ತೆಯ ಮೇಲೆ ಆರೋಪ ಹೊರಿಸಿದರೆ ನಮ್ಮ ಊರಿನಲ್ಲಿ ಯಾರೂ ಪ್ರತಿವಾದ ಮಾಡುವುದಿಲ್ಲ.

ಅವರು ಹೊಸ ನಟ್ಟು ಹಾಕಿದರು. ಅದರ ಹಿಂದಿನ ಸ್ಪ್ರಿಂಗು ಬದಲಿಸಿದರು. ಕೇಬಲ್ ಬದಲಿಸಿದರು. ಒಮ್ಮೆ ಚಕ್ರ ಬಿಚ್ಚಿ ಒಳಗಿನ ಶೂ ತೋರಿಸಿ, "ನೋಡಿ ಸರ್, ಇಷ್ಟು ವರ್ಷ ಆದ್ರೂ ಹೊಸದರ ಹಾಗೆ ಉಂಟು. ಇಷ್ಟು ಜಾಗ್ರತೆಯಲ್ಲಿ ಬೈಕು ಬಿಡುವವರನ್ನು ನಾನು ಕಂಡದ್ದಿಲ್ಲ" ಎಂದು ಅಲ್ಲಿದ್ದ ಇಬ್ಬರು ಗಿರಾಕಿಗಳ ಮುಂದೆ ನನ್ನನ್ನು ಹೊಗಳಿದರು. ನಾನು ತಲೆ ತಗ್ಗಿಸಿ ನಿಂತೆ. ಅವರು ಅದನ್ನು ವಿನಯವೆಂದು ತಿಳಿದರು.

ಮಳೆಗಾಲ ಮುಗಿಯುತ್ತಾ ಬಂದಿತ್ತು. ಒಂದು ಭಾನುವಾರ ಬೆಳಿಗ್ಗೆ ನಾನೂ ಹೆಂಡತಿಯೂ ಅವಳ ಸಂಬಂಧಿಕರ ಗೃಹಪ್ರವೇಶಕ್ಕೆ ಹೊರಟೆವು. ಅವಳು ರೇಷ್ಮೆ ಸೀರೆಯುಟ್ಟು, ಎರಡೂ ಕಾಲು ಒಂದೇ ಬದಿಗೆ ಹಾಕಿ, ತೊಡೆಯ ಮೇಲೆ ಉಡುಗೊರೆಯ ಪೊಟ್ಟಣ ಇಟ್ಟುಕೊಂಡು ಕೂತಿದ್ದಳು. ಸರ್ವೀಸ್ ಆಗಿ ಹತ್ತು ದಿನವಷ್ಟೇ ಕಳೆದಿತ್ತು. ಎಂಟು ಅರ್ಧ ಸುತ್ತೂ ಯಥಾಪ್ರಕಾರ ಆಗಿತ್ತು. ಕೊಡಿಯಾಲ್‌ಬೈಲಿಗೆ ಇಳಿಯುವ ಇಳಿಜಾರಿನಲ್ಲಿ ನಮ್ಮ ಮುಂದೆ ಹೋಗುತ್ತಿದ್ದ ಸಿಟಿ ಬಸ್ಸು, ರಸ್ತೆಬದಿಯಲ್ಲಿ ಯಾರೋ ಕೈ ಎತ್ತಿದರೆಂದು, ನಿಲ್ದಾಣವೇ ಇಲ್ಲದ ಕಡೆ ಗಕ್ಕನೆ ನಿಂತಿತು.

ನಾನು ಬಲಗಾಲಿನಿಂದ ಹಿಂದಿನ ಬ್ರೇಕು ಒತ್ತಿದೆ. ಹಿಂದಿನ ಚಕ್ರ ತಿರುಗುವುದನ್ನು ನಿಲ್ಲಿಸಿತು, ಬೈಕು ನಿಲ್ಲಲಿಲ್ಲ. ಒದ್ದೆ ಕಾಂಕ್ರೀಟಿನ ಮೇಲೆ ಹಿಂಭಾಗ ಬದಿಗೆ ಜಾರತೊಡಗಿತು. ಆಗ ನನ್ನ ಬಲಗೈ, ಯಾರ ಅಪ್ಪಣೆಗೂ ಕಾಯದೆ, ಮುಂದಿನ ಬ್ರೇಕನ್ನು ನಾಲ್ಕೂ ಬೆರಳು ಸೇರಿಸಿ ಗಟ್ಟಿಯಾಗಿ ಹಿಡಿಯಿತು. ಅದು ಬೆಣ್ಣೆಯೊಳಗೆ ಹೋದ ಚಾಕುವಿನ ಹಾಗೆ ಕೈಹಿಡಿಗೆ ಬಂದು ಅಂಟಿತು. ಏನೂ ಆಗಲಿಲ್ಲ. ಏನೂ ಆಗಬಾರದೆಂದೇ ಅಲ್ಲವೇ ನಾನು ಅಷ್ಟು ವರ್ಷ ಶ್ರಮಪಟ್ಟದ್ದು.

ನನ್ನ ಪ್ಯಾಂಟಿನ ಮೊಣಕಾಲು ಹರಿಯಿತು. ಅವಳ ಬಲಗೈಯ ಮಣಿಕಟ್ಟಿನಲ್ಲಿ ಎರಡು ಎಲುಬು ಮುರಿಯಿತು.

ಫಳ್ನೀರಿನ ಆಸ್ಪತ್ರೆಯಲ್ಲಿ ಅವಳನ್ನು ಎಕ್ಸ್‌ರೇಗೆ ಒಳಗೆ ಕರೆದುಕೊಂಡು ಹೋಗಿದ್ದಾಗ ಅವಳ ತಮ್ಮ ಓಡಿ ಬಂದ. ಇಪ್ಪತ್ತು ವರ್ಷ ಕೊಲ್ಲಿ ದೇಶದಲ್ಲಿದ್ದು ಬಂದವನು; ವಾಹನ ಯಾವುದೇ ಇರಲಿ, ಅವನಿಗೆ ಗೊತ್ತಿಲ್ಲದ ವಿಷಯವಿಲ್ಲ.

"ಎಂತ ಆದದ್ದು ಭಾವ?"

"ಬ್ರೇಕ್ ಹಿಡಿಯಲಿಲ್ಲ" ಎಂದೆ.

ಎರಡೇ ಪದ. ಮುಂದಿನ ಬ್ರೇಕಿನ ಮಟ್ಟಿಗೆ ಅಕ್ಷರಶಃ ಸತ್ಯ. ಯಾವ ವಕೀಲರೂ ಪಾಟೀಸವಾಲಿನಲ್ಲಿ ಅದನ್ನು ಅಲ್ಲಾಡಿಸಲಾರರು. ಆದರೆ ಅದನ್ನು ಹೇಳುವಾಗ ನನಗೆ ಪೂರಾ ಗೊತ್ತಿತ್ತು, ನಾನು ಹೇಳುತ್ತಿರುವುದು ಏನು ಮತ್ತು ಹೇಳದೆ ಉಳಿಸಿಕೊಂಡದ್ದು ಏನು ಎಂದು.

ಭಾವಮೈದ ಅವತ್ತೇ ಸಂಜೆ ಬೈಕನ್ನು ಟೆಂಪೋದಲ್ಲಿ ಹಾಕಿ ಗ್ಯಾರೇಜಿಗೆ ಕೊಂಡುಹೋಗಿ, ಪೊರ್ಬುಗಳನ್ನು ಮನೆಯಿಂದ ಕರೆಸಿ, ಅವರ ಎದುರೇ ಬ್ರೇಕು ಒತ್ತಿ ತೋರಿಸಿದನಂತೆ. ಪೊರ್ಬುಗಳು ನಟ್ಟು ನೋಡಿದರಂತೆ. ಎದ್ದು ನಿಂತು, ಮತ್ತೆ ಕೂತು, ಇನ್ನೊಮ್ಮೆ ನೋಡಿದರಂತೆ. ಬಾಯಿ ಬಿಡಲಿಲ್ಲವಂತೆ. "ಎಂತ ಹೇಳುವುದು ಅವರು? ಸಿಕ್ಕಿಬಿದ್ದರಲ್ಲ" ಎಂದು ಭಾವಮೈದ ಸಮಾಧಾನಪಟ್ಟ.

ಮರುದಿನ ಪೊರ್ಬುಗಳು ಎರಡು ಸೀಯಾಳ ಹಿಡಿದುಕೊಂಡು ಆಸ್ಪತ್ರೆಗೆ ಬಂದರು. ಗ್ರೀಸಿಲ್ಲದ ಅವರ ಕೈಗಳನ್ನು ನಾನು ಕಂಡದ್ದು ಅದೇ ಮೊದಲು. ಯಾರದೋ ಬೇರೆಯವರ ಕೈಗಳ ಹಾಗೆ ಕಂಡವು. ಹೆಂಡತಿಯ ಮಂಚದ ಬಳಿ ನಿಂತು ಅವರು ಹೇಳಿದರು:

"ನನ್ನ ತಪ್ಪು ಅಕ್ಕ. ಹತ್ತು ದಿವಸದಲ್ಲಿ ಅಷ್ಟು ಸಡಿಲ ಆಗ್ಲಿಕ್ಕೆ ಸಾಧ್ಯ ಇಲ್ಲ. ನಾನು ಟೈಟ್ ಮಾಡ್ಲಿಕ್ಕೇ ಮರೆತಿದ್ದೇನೆ."

"ಇರ್ಲಿ ಪೊರ್ಬುಗಳೇ, ಯಾರಿಗೂ ಮರೆತು ಹೋಗ್ತದೆ" ಎಂದಳು ಅವಳು.

"ಅದಲ್ಲ ಅಕ್ಕ. ಟೈಟ್ ಮಾಡಿದ್ದು ನನಗೆ ಸರೀ ನೆನಪುಂಟು. ಅದೇ ಹೆದರಿಕೆ. ಮಾಡದ್ದು ನೆನಪಿರುವುದು ಅಂದ್ರೆ ಎಂತ? ನನ್ನ ಅಪ್ಪನಿಗೂ ಹೀಗೇ ಶುರು ಆದದ್ದು. ದನಕ್ಕೆ ಹುಲ್ಲು ಹಾಕಿದ್ದೇನೆ ಅಂತ ಹೇಳ್ತಿದ್ದರು, ಹಾಕಿರ್ತಿರಲಿಲ್ಲ. ಕೊನೆಗೆ ನನ್ನ ಹೆಸರೂ ಗೊತ್ತಾಗ್ತಿರಲಿಲ್ಲ."

ನಾನು ಮಂಚದ ಇನ್ನೊಂದು ಬದಿಯಲ್ಲಿ ಸೀಯಾಳ ಎಲ್ಲಿ ಇಡುವುದೆಂದು ಜಾಗ ಹುಡುಕುತ್ತಿದ್ದೆ. ಅಲ್ಲಿ ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಹೇಳಲಿಲ್ಲ. ಹೆಂಡತಿಗೆ ನೋವಿದೆ, ಈಗ ಬೇಡ, ಡಿಸ್ಚಾರ್ಜ್ ಆಗಲಿ ಎಂದು ವಾಯಿದೆ ಕೊಟ್ಟುಕೊಂಡೆ. ಕಚೇರಿಯಲ್ಲಿದ್ದಾಗ ವಾಯಿದೆಯ ಮೇಲೆ ವಾಯಿದೆ ಕೇಳುವ ಕಕ್ಷಿಗಾರರನ್ನು ಕಂಡು ಎಷ್ಟೋ ಸಲ ಮೂಗು ಮುರಿದವನು ನಾನು.

ಡಿಸ್ಚಾರ್ಜ್ ಆಯಿತು. ಮನೆಯಲ್ಲಿ ಚಾವಡಿಯಲ್ಲಿ ವಿಚಾರಣೆ ಶುರುವಾಯಿತು: ಡಿಸ್ಕೋ, ಡ್ರಮ್ಮೋ? ಬೈಕನ್ನೇ ಮಾರುವ ಪ್ರಸ್ತಾಪವನ್ನು ನಾನು ಮೊದಲೇ ತಳ್ಳಿಹಾಕಿದ್ದೆ. ಉಳಿದದ್ದು ಮುಂದಿನ ಬ್ರೇಕಿನ ಪ್ರಶ್ನೆ.

"ಡಿಸ್ಕ್ ಹಾಕಿ ಭಾವ" ಎಂದ ಭಾವಮೈದ. "ಎರಡು ಬೆರಳು ಮುಟ್ಟಿಸಿದ್ರೆ ಸಾಕು. ಡ್ರಮ್ ಎಲ್ಲ ಈಗ ಮದುವೆ ಬ್ಯಾಂಡಿನವರಿಗೆ."

"ಡ್ರಮ್ಮಿಗೂ ಅದರದ್ದೇ ಗುಣ ಉಂಟು. ನೀರು ಕೆಸರು ಒಳಗೆ ಹೋಗುವುದಿಲ್ಲ, ರಿಪೇರಿ ಸುಲಭ" ಎಂದೆ. ನನ್ನ ಸ್ವರ ನನಗೇ ದುರ್ಬಲವಾಗಿ ಕೇಳಿಸಿತು.

"ಗುಣ ಉಂಟಂತೆ! ನೋಡು ಅಕ್ಕ, ನಿನ್ನ ಕೈ ಮುರಿದ ಮೇಲೂ ಇವರು ಅದರ ವಕಾಲತ್ತು ಹಾಕ್ತಾರೆ."

ಹೆಂಡತಿ ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲೆ ಸರಿಯಾಗಿ ಇಟ್ಟುಕೊಂಡು, "ಡ್ರಮ್ಮಿನದ್ದು ಎಂತ ತಪ್ಪು? ಅದನ್ನು ನೋಡಿಕೊಳ್ಳುವವರಿಗೆ ಪ್ರಾಯ ಆಯ್ತು ಪಾಪ. ಕಣ್ಣು ಮಂಜು, ತಲೆ ಮಂಜು" ಎಂದಳು. ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹೀಗೇ ಮರುಕದಿಂದಲೇ ಅವಳು ತನ್ನನ್ನು ನೋಡಲು ಬಂದ ಎಲ್ಲರಿಗೂ ಹೇಳುತ್ತಿದ್ದಳು. ಪಕ್ಕದ ಮನೆಯ ನರ್ಸಮ್ಮ ಅದನ್ನು ಕೇಳಿದ ವಾರವೇ ತಮ್ಮ ಸ್ಕೂಟರನ್ನು ಬೇರೆ ಗ್ಯಾರೇಜಿಗೆ ಒಯ್ದರು. ಅವರಿಗೆ ಪೊರ್ಬುಗಳನ್ನು ಪರಿಚಯ ಮಾಡಿಸಿದ್ದು ನಾನೇ.

ಭಾವಮೈದ ನನ್ನನ್ನು ಕೊಡಿಯಾಲ್‌ಬೈಲಿನ ಒಂದು ಬಿಡಿಭಾಗಗಳ ಅಂಗಡಿಗೆ ಎಳೆದುಕೊಂಡು ಹೋದ. ಅಂಗಡಿಯವರು ಸಾವಧಾನದ ಮನುಷ್ಯ. ನನ್ನ ಬೈಕಿನದ್ದೇ ಜಾತಿಯಲ್ಲಿ ಆಮೇಲೆ ಡಿಸ್ಕಿನ ಮಾದರಿಯೂ ಬಂದಿದೆ, ಅದರದ್ದು ಹೊಂದುತ್ತದೆ ಎಂದರು. ಬರೀ ತಟ್ಟೆ ತಂದು ಸಿಕ್ಕಿಸುವ ಕೆಲಸವಲ್ಲ; ಮುಂದಿನ ಚಕ್ರ, ಫೋರ್ಕಿನ ಕೆಳಭಾಗ, ತಟ್ಟೆಯನ್ನು ಚಿವುಟುವ ಕ್ಯಾಲಿಪರು, ಕೈಹಿಡಿಯ ಬಳಿ ಎಣ್ಣೆಯ ಡಬ್ಬಿ, ಎಲ್ಲ ಒಟ್ಟಿಗೆ ಬದಲಾಗಬೇಕು. ಎಲ್ಲ ಹೇಳಿ ಆದ ಮೇಲೆ ಕನ್ನಡಕದ ಮೇಲಿನಿಂದ ನೋಡಿ ಕೇಳಿದರು:

"ಡ್ರಮ್ಮಿಗೆ ಎಂತ ಆಗಿದೆ ಸರ್? ಈ ಬೈಕಿನ ತೂಕಕ್ಕೆ ಅದು ಧಾರಾಳ ಸಾಕು. ಶೂ ಹೋಗಿದೆಯಾ?"

"ಶೂ ಚೆನ್ನಾಗಿದೆ."

"ಕೇಬಲ್?"

"ಹೊಸದು."

"ಹಾಗಾದ್ರೆ ಎಡ್ಜಸ್ಟ್ ಮಾಡಿದ್ದು ಸರಿ ಇಲ್ಲ. ಬ್ರೇಕ್ ಅಲ್ಲ, ಮೆಕ್ಯಾನಿಕ್ ಬದಲು ಮಾಡಿ ನೀವು."

"ಅದನ್ನೇ ನಾನೂ ಹೇಳುವುದು!" ಎಂದು ಭಾವಮೈದ ಗಲ್ಲಾದ ಮೇಜಿನ ಮೇಲೆ ಬಡಿದ.

ನಾನು ಗೋಡೆಯಲ್ಲಿ ನೇತಾಡುತ್ತಿದ್ದ ಹೊಸ ಡಿಸ್ಕುಗಳನ್ನು ನೋಡಿದೆ. ಆಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಡಿಸ್ಕು ಹಾಕಿಸಿದರೆ ಡ್ರಮ್ಮೂ ಅದನ್ನು ಕಟ್ಟಿದವರೂ ಅಪರಾಧಿಗಳೆಂದು ನಾನೇ ಸಹಿ ಹಾಕಿದಂತೆ. ಡ್ರಮ್ಮನ್ನೇ ಉಳಿಸಿಕೊಂಡರೆ, ಹೆಂಡತಿಯ ಕೈ ಮುರಿದ ಬ್ರೇಕನ್ನು ಯಾಕೆ ಉಳಿಸಿಕೊಂಡೆನೆಂದು ಹೇಳಬೇಕಾಗುತ್ತದೆ. "ಯೋಚನೆ ಮಾಡಿ ಬರ್ತೇನೆ" ಎಂದು ಹೊರಗೆ ಬಂದೆ. ದಾರಿಯುದ್ದಕ್ಕೂ ಭಾವಮೈದ ನನಗೆ ಡಿಸ್ಕಿನ ಮಹಿಮೆ ಹೇಳುತ್ತಾ ಬಂದ. ನಾನು ಹೂಂಗುಟ್ಟುತ್ತಾ ಬಂದೆ.

ಆ ಹೊತ್ತಿಗೆ ಐದು ವಾರ ಕಳೆದಿತ್ತು. ಬೈಕು ಇನ್ನೂ ಗ್ಯಾರೇಜಿನಲ್ಲೇ ಇತ್ತು. ಒಂದು ಮಧ್ಯಾಹ್ನ, ಡಿಸ್ಕಿನ ವಿಷಯ ಕೇಳುವ ನೆಪದಲ್ಲಿ, ನಡೆದುಕೊಂಡೇ ಮಣ್ಣಗುಡ್ಡಕ್ಕೆ ಹೋದೆ. ಪೊರ್ಬುಗಳು ಹೊಸ ಕನ್ನಡಕ ಹಾಕಿ ಸ್ಟೂಲಿನ ಮೇಲೆ ಕೂತು ಯಾವುದೋ ಕಾರ್ಬುರೇಟರ್ ತೊಳೆಯುತ್ತಿದ್ದರು. ಕಂಬಕ್ಕೆ ಒಂದು ರಟ್ಟು ಕಟ್ಟಿತ್ತು. ಅದರ ಮೇಲೆ ಮಸಿಯಲ್ಲಿ "ಬ್ರೇಕ್ ಕೆಲಸ ಮಾಡುವುದಿಲ್ಲ" ಎಂದು ಬರೆದಿತ್ತು.

"ಇದು ಎಂತ ಪೊರ್ಬುಗಳೇ?"

"ಎಂತ ಅಂದ್ರೆ, ಬರೆದದ್ದೇ. ಆಯಿಲ್ ಚೇಂಜ್ ಮಾಡ್ತೇನೆ, ಪ್ಲಗ್ ತೊಳೀತೇನೆ. ಮರೆತು ಹೋದ್ರೆ ಬೈಕು ಸ್ಟಾರ್ಟ್ ಆಗುವುದಿಲ್ಲ, ಅಷ್ಟೇ. ಯಾರೂ ಸಾಯುವುದಿಲ್ಲ. ಕ್ರಿಸ್ಮಸ್ ಆದ ಮೇಲೆ ಅದೂ ಬೇಡ, ಬಾಗಿಲು ಹಾಕಿ ಬಿಡಿ ಅಂತ ಮಗಳು ಹೇಳ್ತಾಳೆ."

"ನೀವು ಮರೆತದ್ದಲ್ಲ" ಎಂದೆ.

ಅವರು ಕಾರ್ಬುರೇಟರಿನಿಂದ ತಲೆ ಎತ್ತಲಿಲ್ಲ.

"ನೀವು ಟೈಟ್ ಮಾಡಿದ್ದೀರಿ. ನಾನು ಮನೆಗೆ ಹೋಗಿ ಸಡಿಲ ಮಾಡಿದ್ದೇನೆ. ಈ ಸಲ ಮಾತ್ರ ಅಲ್ಲ, ಪ್ರತಿ ಸಲ. ಬೈಕು ತಗೊಂಡಲ್ಲಿಂದ."

ಪೊರ್ಬುಗಳು ನನ್ನನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟು ಬರಲಿಲ್ಲ. ಅದಕ್ಕಿಂತ ಕೆಟ್ಟದ್ದು ಬಂತು, ಉಪಕಾರ ಸ್ಮರಣೆ.

"ನೀವು ಒಳ್ಳೆಯವರು ಸರ್. ನನಗೆ ಬೇಜಾರಾಗಬಾರದು ಅಂತ ಹೇಳ್ತೀರಿ."

"ಅಲ್ಲ ಮಾರಾಯ್ರೆ, ಸತ್ಯ ಹೇಳುವುದು."

"ಸತ್ಯ ಹೇಳುವುದಾದ್ರೆ ಆಸ್ಪತ್ರೆಯಲ್ಲೇ ಹೇಳ್ತಿದ್ರಿ. ಕೋರ್ಟಿನಲ್ಲಿ ಇದ್ದವರು ನೀವು. ಇದನ್ನು ಯಾರು ನಂಬ್ತಾರೆ? ಬ್ರೇಕನ್ನು ಯಾರಾದ್ರೂ ಬೇಕಂತಲೇ ಲೂಸ್ ಮಾಡ್ತಾರಾ? ನನ್ನ ಮಗಳೂ ಹೀಗೇ. ನೀವು ಚಾ ಕುಡಿದು ಆಗಿದೆ ಅಂತ ಹೇಳ್ತಾಳೆ, ಕುಡಿಯಲಿಲ್ಲ ಅಂತ ನಾನು. ಆಮೇಲೆ ಅವಳೇ ಇರ್ಲಿ ಪಪ್ಪಾ, ಕುಡಿಯಲಿಲ್ಲ ಅಂತಾಳೆ. ಎಲ್ಲರೂ ಈಗ ನನಗೆ ಹೀಗೇ ಮಾತಾಡುವುದು."

ನಾನು ನೋಡಿದ ತೀರಾ ಕೆಟ್ಟ ಸುಳ್ಳು ಸಾಕ್ಷಿಗೂ ಇಷ್ಟು ಅವಮಾನ ಆಗಿರಲಾರದು. ಗ್ಯಾರೇಜಿನ ಮೂಲೆಯಲ್ಲಿದ್ದ ನನ್ನ ಬೈಕಿನ ಬಳಿಗೆ ಹೋದೆ. ಬ್ರೇಕು ಒತ್ತಿ ನೋಡಿದೆ, ಬಿಗಿ ಮಾಡಿಟ್ಟಿದ್ದರು. ಮುಂದಿನ ಚಕ್ರದ ಎದುರು ಕುಕ್ಕರುಗಾಲಲ್ಲಿ ಕೂತೆ. ಎಡಗೈ ಕೇಬಲಿನ ತುದಿಯ ಕಡ್ಡಿಯನ್ನು ಒಳಗೆ ತಳ್ಳಿತು, ಬಲಗೈಯ ಹೆಬ್ಬೆರಳೂ ತೋರುಬೆರಳೂ ನಟ್ಟಿನ ಮೇಲೆ ಕೂತವು. ನಾನು ನಟ್ಟನ್ನು ನೋಡುವ ಅಗತ್ಯವೇ ಇರಲಿಲ್ಲ. ಪೊರ್ಬುಗಳ ಮುಖ ನೋಡುತ್ತಾ, ಟಕ್ ಟಕ್ ಎಂದು ಎಂಟು ಅರ್ಧ ಸುತ್ತು ತಿರುಗಿಸಿದೆ. ಎಂಟನೆಯದಕ್ಕೆ ಬೆರಳುಗಳು ತಾವಾಗಿ ನಿಂತವು. ಎದ್ದು ಲಿವರ್ ಒತ್ತಿದೆ. ಅದು ಕೈಹಿಡಿಗೆ ಬಂದು ಅಂಟಿತು.

ಅವರು ಸ್ಟೂಲಿನಿಂದ ಎದ್ದು ಬಂದು ನಟ್ಟನ್ನಲ್ಲ, ನನ್ನ ಬೆರಳುಗಳನ್ನು ನೋಡಿದರು. ಹಲವು ವರ್ಷ ಮಾಡಿದ ಕೆಲಸ ಕೈಯಲ್ಲಿ ಹೇಗೆ ಕಾಣುತ್ತದೆಂದು ಅವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಶೂ" ಎಂದರು ನಿಧಾನವಾಗಿ. "ಅದಕ್ಕೇ ಸವೆಯದ್ದು."

"ಹೌದು."

"ಜಾಗ್ರತೆ ಅಲ್ಲ."

"ಅಲ್ಲ."

ಅವರ ಕೈಯಲ್ಲಿದ್ದ ಬಟ್ಟೆಚೂರು ನೆಲಕ್ಕೆ ಬಿತ್ತು. "ನಾನು ಕಣ್ಣಿಗೆ ತೋರಿಸಿದೆ. ತಲೆಗೆ ಸ್ಕ್ಯಾನ್ ಮಾಡಿಸಿದೆ. ಡಾಕ್ಟರು ಎಂತ ಇಲ್ಲ ಅಂತ ಹೇಳಿದ್ರೆ, ಅವರಿಗೇ ಗೊತ್ತಿಲ್ಲ ಅಂತ ಮಾಡಿದೆ. ಐದು ವಾರ ಮಾರಾಯ್ರೆ! ಬೆಳಿಗ್ಗೆ ಎದ್ದ ಕೂಡಲೇ ನನ್ನ ಹೆಸರು ನಾನೇ ಹೇಳಿ ನೋಡ್ತಿದ್ದೆ!" ಅವರ ಸ್ವರ ಓಣಿಯ ತನಕ ಕೇಳಿರಬೇಕು. ಎದುರು ಮನೆಯ ಕಿಟಕಿ ತೆರೆದುಕೊಂಡಿತು. ಆಮೇಲೆ ಅವರು ಸ್ವರ ತಗ್ಗಿಸಿ ಕೇಳಿದರು, "ಅಕ್ಕನಿಗೆ ಹೇಳಿದ್ದೀರಾ?"

"ಇಲ್ಲ."

"ಮತ್ತೆ ನನಗೆ ಯಾಕೆ ಮೊದಲು ಹೇಳಿದ್ದು? ನಾನಾದ್ರೆ ಬಯ್ಯುವುದಿಲ್ಲ ಅಂತವಾ?"

ಉತ್ತರ ನನ್ನಲ್ಲಿತ್ತು. ಅವರು ಹೇಳಿದ್ದೇ ಉತ್ತರ.

"ಹೋಗಿ. ಮನೆಯಲ್ಲಿ ಹೇಳಿ ಬನ್ನಿ. ಅಷ್ಟರ ತನಕ ಬೈಕು ಇಲ್ಲೇ ಇರ್ಲಿ" ಎಂದು ಅವರು ಬೆನ್ನು ತಿರುಗಿಸಿದರು.

ಮನೆಗೆ ಬಂದಾಗ ಹೆಂಡತಿ ಎಡಗೈಯಲ್ಲಿ ತಲೆ ಬಾಚಿಕೊಳ್ಳಲು ಒದ್ದಾಡುತ್ತಿದ್ದಳು. ಪ್ಲಾಸ್ಟರ್ ತೆಗೆಯಲು ಇನ್ನೂ ಒಂದು ವಾರವಿತ್ತು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಕೂತು ಹೇಳುವ ಅರ್ಹತೆ ಇದೆಯೆಂದು ಅನಿಸಲಿಲ್ಲ. ಅವಳ ಬಾಚಣಿಗೆ ಕೂದಲಿನ ಮಧ್ಯದಲ್ಲೇ ನಿಂತಿತು.

"ನಾನು ಹಿಂದೆ ಕೂತಾಗಲೂ?"

"ಹೌದು."

"ಮಗಳನ್ನು ಮುಂದೆ ಕೂರಿಸಿಕೊಂಡು ಶಾಲೆಗೆ ಬಿಡ್ಲಿಕ್ಕೆ ಹೋಗ್ತಿದ್ರಲ್ಲ, ಆಗಲೂ?"

ಅದು ನನಗೆ ನೆನಪೇ ಆಗಿರಲಿಲ್ಲ. ಮಗಳಿಗೆ ಈಗ ಮದುವೆಯಾಗಿ ಉಡುಪಿಯಲ್ಲಿದ್ದಾಳೆ. "ಹೌದು" ಎಂದೆ.

ಅವಳು ಬಾಚಣಿಗೆಯನ್ನು ಕೂದಲಿನಿಂದ ಬಿಡಿಸಿ ಪಕ್ಕಕ್ಕೆ ಇಟ್ಟಳು. ಬೈದಿದ್ದರೆ ನಾನು ಕೂತುಕೊಳ್ಳಬಹುದಿತ್ತು.

"ಕೈ ಮುರಿದದ್ದು ಇರ್ಲಿ" ಎಂದಳು ಕೊನೆಗೆ. "ಅದು ಕೂಡ್ತದೆ. ಇಷ್ಟು ದಿವಸ ನೀವು ನನ್ನ ಬಾಯಿಯಿಂದ ಆ ಮನುಷ್ಯನ ಮಾನ ತೆಗೆಸಿದ್ರಿ. ನಾನು ಒಬ್ಬೊಬ್ಬರಿಗೆ ಹೇಳುವಾಗಲೂ ನೀವು ಅಲ್ಲೇ ಕೂತು ಚಾ ಕುಡೀತಿದ್ರಿ. ಫೋನ್ ಕೊಡಿ."

ಫೋನನ್ನು ತೊಡೆಯ ಮೇಲಿಟ್ಟು ಎಡಗೈಯ ಹೆಬ್ಬೆರಳಿನಿಂದ ಅವಳೇ ನಂಬರು ಹುಡುಕಿದಳು. ರಿಂಗಾಗತೊಡಗಿದ ಮೇಲೆ ನನ್ನ ಕೈಗೆ ಕೊಟ್ಟಳು. ಮೊದಲನೆಯದು ಭಾವಮೈದ. ನಾನು ಎಲ್ಲವನ್ನೂ ಹೇಳಿ ಮುಗಿಸಿದೆ. ಸಕಲ ವಾಹನಗಳ ಸರ್ವಜ್ಞನಿಗೆ ಇಂಥದ್ದು ಗೊತ್ತಿರಲಿಲ್ಲ.

"ಲೂಸ್ ಮಾಡಿದ್ದಾ? ನೀವಾ? ಬೇಕಂತಲೇವಾ?"

"ಹೌದು."

"ಭಾವ, ನಿಮಗೆ ಹುಚ್ಚಾ?" ಎಂದ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನು ನನ್ನೊಡನೆ ಅಷ್ಟು ಸದರದಿಂದ ಮಾತಾಡಿದ್ದು ಅದೇ ಮೊದಲು. ಆಕ್ಷೇಪಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಆಮೇಲೆ ಗೃಹಪ್ರವೇಶದ ಸಂಬಂಧಿಕರು, ಅವಳ ಅಕ್ಕ, ಭಜನೆಯ ಇಬ್ಬರು ಗೆಳತಿಯರು, ನರ್ಸಮ್ಮ. ಎಲ್ಲರಿಗೂ ಒಂದೇ ಹೇಳಿಕೆ, ಒಂದೇ ಧಾಟಿ. ಭಜನೆಯವರಲ್ಲಿ ಒಬ್ಬರು ನಗು ತಡೆಯಲಾರದೆ ಫೋನು ಇಟ್ಟರು. ನರ್ಸಮ್ಮ ಮಾತ್ರ, "ಅಯ್ಯೋ ಪಾಪ ಅವರು. ಆದ್ರೆ ನಾವು ಈಗ ಬೇರೆ ಕಡೆ ಕೊಡ್ತಾ ಇದ್ದೇವಲ್ಲ. ಅಲ್ಲಿ ವಾಶಿಂಗೂ ಚೆಂದ ಮಾಡ್ತಾರೆ" ಎಂದರು. ಸುಳ್ಳು ಹೋದಷ್ಟು ವೇಗದಲ್ಲಿ ತಿದ್ದುಪಡಿ ಹೋಗುವುದಿಲ್ಲ.

ಪ್ಲಾಸ್ಟರ್ ತೆಗೆದ ಮರುದಿನ ಹೆಂಡತಿ ತಾನೂ ಗ್ಯಾರೇಜಿಗೆ ಬರುವೆನೆಂದಳು. ರಿಕ್ಷಾದಲ್ಲಿ ಹೋದೆವು. ಪೊರ್ಬುಗಳು ಅವಳನ್ನು ಕಂಡು ಸ್ಟೂಲು ಒರೆಸಿ ಮುಂದಿಟ್ಟರು. ಅವಳು ಕೂರಲಿಲ್ಲ.

"ನಾನು ನಿಮ್ಮ ಮೇಲೆ ತುಂಬ ಜನರತ್ರ ಹೇಳಿದ್ದೇನೆ ಪೊರ್ಬುಗಳೇ. ಮನಸ್ಸಿನಲ್ಲಿ ಇಡಬೇಡಿ."

"ನಿಮಗೆ ಎಂತ ಗೊತ್ತು ಅಕ್ಕ? ನನಗೇ ಗೊತ್ತಿರಲಿಲ್ಲ" ಎಂದರು ಅವರು. ನನ್ನ ಕಡೆ ನೋಡಲಿಲ್ಲ. "ಡ್ರಮ್ ಸರಿ ಉಂಟು. ನಾನು ಬಿಚ್ಚಿ ನೋಡಿದೆ. ಇನ್ನು ಹತ್ತು ವರ್ಷಕ್ಕೂ ಎಂತ ಆಗ್ಲಿಕ್ಕಿಲ್ಲ. ಡಿಸ್ಕ್ ಬೇಕಂತಲೇ ಇಲ್ಲ."

"ಡ್ರಮ್ಮಿಗೆ ಕಮ್ಮಿ ಇಲ್ಲ, ಗೊತ್ತುಂಟು. ನಿಮಗೂ ಇಲ್ಲ. ಒಂದು ಹೇಳಿ. ಡಿಸ್ಕಿನಲ್ಲಿ ಇವರಿಗೆ ಬೆರಳು ಹಾಕಿ ತಿರುಗಿಸ್ಲಿಕ್ಕೆ ಎಂತಾದ್ರೂ ಉಂಟಾ?"

ಪೊರ್ಬುಗಳು ಯೋಚಿಸಿದರು. "ಇಲ್ಲ ಅಕ್ಕ. ಅದರಲ್ಲಿ ಎಣ್ಣೆಯ ಒತ್ತಡ. ಅದೇ ಎಡ್ಜಸ್ಟ್ ಆಗ್ತದೆ. ನಟ್ ಇಲ್ಲ."

"ಹಾಗಾದ್ರೆ ಅದನ್ನೇ ಹಾಕಿ."

ಹೀಗೆ, ನಿರ್ದೋಷಿಯೆಂದು ಸಾಬೀತಾದ ಡ್ರಮ್ಮು ಸೇವೆಯಿಂದ ತೆಗೆಯಲ್ಪಟ್ಟಿತು, ಅದರ ಯಜಮಾನನ ನಡತೆಯ ಕಾರಣದಿಂದ. ಪೊರ್ಬುಗಳು ಎರಡು ದಿನ ಕೂತು ತಾವೇ ಡಿಸ್ಕು ಕೂರಿಸಿದರು. ಆಮೇಲೆ ನನ್ನನ್ನು ಓಣಿಯ ಸಮತಟ್ಟಾದ ಕಡೆ ಬೈಕು ಹತ್ತಿಸಿ, ತಾವು ಹಿಂದೆ ಕೂತು, ಮುಂದಿನ ಬ್ರೇಕು ಹಿಡಿಯುವುದನ್ನು ಕಲಿಸಿದರು. "ಎರಡು ಬೆರಳು. ಮೆಲ್ಲ. ಹಿಂಡುವುದು, ಎಳೆಯುವುದಲ್ಲ. ಹಿಂದಿನದ್ದೂ ಒಟ್ಟಿಗೆ." ಮೊದಲ ಸಲ ನನ್ನ ಕಣ್ಣು ಮುಚ್ಚಿಹೋಯಿತು. ತೆರೆದಾಗ ಬೈಕು ನಿಂತಿತ್ತು, ನಾನೂ ಅದರ ಮೇಲೆಯೇ ಇದ್ದೆ. ಎದುರು ಮನೆಯ ಕಿಟಕಿಯಿಂದ ಯಾರೋ ಚಪ್ಪಾಳೆ ತಟ್ಟಿದರು. ಅರುವತ್ತೆರಡರ ಪ್ರಾಯದಲ್ಲಿ ಅದಕ್ಕೆ ಹೇಗೆ ಪ್ರತಿಕ್ರಿಯಿಸಬೇಕೆಂದು ನನಗೆ ತಿಳಿಯಲಿಲ್ಲ.

ಆದರೆ ಕಂಬದ ಮೇಲಿನ ರಟ್ಟು ಹಾಗೆಯೇ ಇತ್ತು. "ನಿಮ್ಮದು ಬೇರೆ" ಎಂದರು ಪೊರ್ಬುಗಳು. "ಬೇರೆಯವರದ್ದಕ್ಕೆ ಕೈ ಹಾಕುವಾಗ ಈಗಲೂ ಒಳಗೆ ಒಂಥರಾ ಆಗ್ತದೆ. ತಪ್ಪು ನಿಮ್ಮದು ಅಂತ ತಲೆಗೆ ಗೊತ್ತುಂಟು. ಕೈಗೆ ಗೊತ್ತಾಗಬೇಕಲ್ಲ."

ಆ ಮಾತು ನನ್ನನ್ನು ಹದಿನೈದು ದಿನ ತಿಂದಿತು. ಒಂದು ಬೆಳಿಗ್ಗೆ ನರ್ಸಮ್ಮನ ಗೇಟಿನ ಎದುರು ಹೋಗಿ ನಿಂತೆ. ಫೋನಿನಲ್ಲಿ ಹೇಳಿದ್ದನ್ನು ಮುಖತಃ ಇನ್ನೊಮ್ಮೆ ಹೇಳಿದೆ. ಸ್ಕೂಟರಿನ ಬ್ರೇಕು ಒಮ್ಮೆ ಪೊರ್ಬುಗಳಿಗೆ ತೋರಿಸಲು ಕೊಡಬೇಕು, ಒಯ್ಯುವುದೂ ತರುವುದೂ ನನ್ನ ಕೆಲಸ ಎಂದೆ. ಅವರು ರಾತ್ರಿ ಪಾಳಿ ಮುಗಿಸಿ ಬಂದಿದ್ದರು. ವಾದ ಮಾಡುವ ತ್ರಾಣವಿರಲಿಲ್ಲ. "ನೀವು ಎಂತ ಅಂಕಲ್, ಅವರ ಏಜೆಂಟಾ?" ಎಂದು ನಕ್ಕು ಕೀ ಕೊಟ್ಟರು.

ಸ್ಕೂಟರನ್ನು ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಪೊರ್ಬುಗಳು ಅದನ್ನೂ ನನ್ನನ್ನೂ ನೋಡಿದರು.

"ಇದು ನರ್ಸಮ್ಮನದ್ದಲ್ಲವಾ?"

"ಹೌದು. ಬ್ರೇಕ್ ನೋಡಬೇಕಂತೆ."

ಅವರು ಸ್ಕೂಟರಿಗೆ ಒಂದು ಸುತ್ತು ಬಂದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಮತ್ತೊಂದು ಸುತ್ತು ಬಂದರು. ಆಮೇಲೆ ಮುಂದಿನ ಚಕ್ರದ ಎದುರು ಸ್ಟೂಲು ಎಳೆದು ಕೂತು, ಒಂದು ಕೈ ಮುಂದೆ ತಂದು, ನಿಲ್ಲಿಸಿ, ನನ್ನತ್ತ ತಿರುಗಿದರು.

"ನೀವು ಇದನ್ನು ಮುಟ್ಟಲಿಲ್ಲ ಅಲ್ಲ?"

"ಇಲ್ಲ."

"ಕೂತದ್ದೂ ಇಲ್ಲವಾ ಇದರ ಎದುರು?"

"ಇಲ್ಲ ಪೊರ್ಬುಗಳೇ. ಸೀದಾ ತಂದದ್ದು."

"ಹಾಂ. ಆದ್ರೂ ನೀವು ಸ್ವಲ್ಪ ದೂರ ನಿಲ್ಲಿ."

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವರು ತಲೆಯಾಡಿಸಿ, ಇನ್ನೂ, ಎಂದು ಕೈ ಮಾಡಿದರು. ಓಣಿ ದಾಟಿ ಆಚೆ ಬದಿಯ ಗೋಡೆಗೆ ಬೆನ್ನು ತಾಗುವ ತನಕ ಹೋಗಿ ನಿಂತೆ. ಆಗ ಅವರು ಸ್ಪ್ಯಾನರಿಗೆ ಕೈ ಹಾಕಿದರು.